ಕಣ್ಣಿಗೆ ಚುಚ್ಚದ ಬಟ್ಟೆ

ದೊಡ್ಡವ್ವನ ಹಿತ್ತಲಲ್ಲಿ ಬಿಸಿಲು ಹಳೆಯ ಸೀರೆಗಳೊಳಗಿಂದ ಸೋಸಿಕೊಂಡು ಬೀಳುತ್ತಿತ್ತು. ಬಾವಿಕಟ್ಟೆಯಿಂದ ನುಗ್ಗೆಮರದವರೆಗೆ ಕಟ್ಟಿದ ಹಗ್ಗದ ಮೇಲೆ ಯಾವಾಗಲೂ ನಾಲ್ಕಾರು ಸೀರೆ, ಪಂಚೆ ತೂಗುತ್ತಿದ್ದವು. ಉಟ್ಟು ಉಟ್ಟು, ಒಗೆದು ಒಗೆದು, ಬಣ್ಣವೆಲ್ಲ ಹೋಗಿ ಹಾಲಿನ ಕೆನೆಯಷ್ಟು ತೆಳುವಾದ ಬಟ್ಟೆಗಳು. ಗಾಳಿ ಬಂದರೆ ಉಸಿರಾಡಿದ ಹಾಗೆ ಉಬ್ಬಿ ಇಳಿಯುತ್ತಿದ್ದವು. ಅವುಗಳ ನಡುವೆ ದೊಡ್ಡವ್ವ ನಿಂತು, ಒಂದು ತುದಿ ಹಿಡಿದು, ಕಣ್ಣು ಮುಚ್ಚಿ, ಅದನ್ನು ರೆಪ್ಪೆಯ ಮೇಲೆ ಒತ್ತಿಕೊಳ್ಳುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಈ ಚಿತ್ರ. ಅಲ್ಲಿ ಯಾವಾಗಲೂ ಮಧ್ಯಾಹ್ನ. ಯಾರೂ ಮಾತಾಡುವುದಿಲ್ಲ. ದೂರದಲ್ಲಿ ನಾಲೆಯ ನೀರು ಹರಿಯುವ ಸದ್ದು ಮಾತ್ರ ಇರುತ್ತದೆ.

ಯಾವುದೋ ದೇವರಿಗೆ ಕೈಮುಗಿಯುತ್ತಿದ್ದಾರೆ ಎಂದುಕೊಂಡಿದ್ದೆ ಮೊದಲು. ಕೇಳಿದಾಗ ನಕ್ಕುಬಿಟ್ಟರು.

“ಬಟ್ಟೆ ಪರೀಕ್ಸೆ ಕಣವ್ವ. ಕಣ್ರೆಪ್ಪೆಗೆ ಚುಚ್ನಿಲ್ಲ ಅಂದ್ರೆ ಅಸುಗೂಸ್ಗೂ ಚುಚ್ಚಾಕಿಲ್ಲ.”

ತೊಂಬತ್ತರ ದಶಕದ ನಡುವೆ ನಾನು ಪ್ರಾಥಮಿಕ ಶಾಲೆಯ ಟೀಚರಾಗಿ ಕೃಷ್ಣರಾಜನಗರಕ್ಕೆ ವರ್ಗವಾಗಿ ಬಂದೆ. ಗಂಡನಿಗೆ ಹುಣಸೂರಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ನಾವು ಹಿಡಿದ ಬಾಡಿಗೆ ಮನೆಯ ಪಕ್ಕದ ಮನೆಯೇ ದೊಡ್ಡವ್ವನದು. ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ಕೇಳಲಿಲ್ಲವಾದ್ದರಿಂದ ಇಲ್ಲಿಯೂ ಬೇಡ. ಇಡೀ ಬೀದಿಗೆ ಅವರು ದೊಡ್ಡವ್ವ. ಚುಂಚನಕಟ್ಟೆ ಕಡೆಯ ಹಳ್ಳಿಯಲ್ಲಿ ನಾಲೆಯ ಕೆಳಗೆ ಅವರಿಗೆ ಒಂದಿಷ್ಟು ಭತ್ತದ ಗದ್ದೆ ಇತ್ತು. ಗಂಡ ಹೋದ ಮೇಲೆ ಅದನ್ನು ಬೆಳೆಯ ಪಾಲಿಗೆ ವಾರಕ್ಕೆ ಕೊಟ್ಟು ಮಗನ ಜೊತೆ ಪಟ್ಟಣಕ್ಕೆ ಬಂದಿದ್ದರು. ಮಗ ಪುಟ್ಟಸ್ವಾಮಣ್ಣ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು.

ಬೀದಿಯವರಿಗೆ ಆಡಿಕೊಂಡು ನಗಲು ಇಷ್ಟು ಸಾಕಾಗಿತ್ತು. ಮಗ ಹೊಸ ಬಟ್ಟೆ ಮಾರುತ್ತಾನೆ, ತಾಯಿ ಹಳೆ ಬಟ್ಟೆ ಕೇಳಿಕೊಂಡು ಮನೆಮನೆ ತಿರುಗುತ್ತಾಳೆ!

ನಮ್ಮ ಕಡೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹೆಸರಿಡುವವರೆಗೆ ಮನೆಯ ಹಿರಿಯರು ಉಟ್ಟು ಬಿಟ್ಟ ಮೆತ್ತನೆಯ ಹಳೆಯ ಬಟ್ಟೆಯೇ ಅದಕ್ಕೆ ಹಾಸಿಗೆ, ಅದೇ ಹೊದಿಕೆ. ಮುಂಚೆ ಪ್ರತಿ ಮನೆಯಲ್ಲೂ ಅಂಥ ಗಂಟೊಂದು ಅಟ್ಟದ ಮೇಲೆ ಇರುತ್ತಿತ್ತು. ಪೂನಂ ಸೀರೆ, ಟೆರಿಕಾಟ್ ಪ್ಯಾಂಟು ಬಂದ ಮೇಲೆ ಹತ್ತಿಯ ಗಂಟು ಕರಗಿತು. ಇದ್ದಬದ್ದ ಹಳೆಯದನ್ನು ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬರಿ ತೆಗೆದುಕೊಂಡರು. ಅವಳೂ ಬೇಡವೆಂದದ್ದು ಬೀದಿಯ ಕೊನೆಯ ಕಸದ ಗುಡ್ಡೆಗೆ ಹೋಯಿತು. ಹೀಗಾಗಿ ಯಾರ ಮನೆಯಲ್ಲಿ ಬಸುರಿ ಇದ್ದರೂ ದಿನ ಹತ್ತಿರವಾದಾಗ ದೊಡ್ಡವ್ವನ ಮರದ ಪೆಟ್ಟಿಗೆಯ ಕಡೆ ನೋಡುವಂತಾಯಿತು. ಬೇವಿನೆಲೆ ಹಾಕಿ ಮಡಚಿಟ್ಟ ಬಟ್ಟೆಗಳು. ಮಗು ದೊಡ್ಡದಾದ ಮೇಲೆ ಸೀಗೆಯಲ್ಲೋ ಸೋಪಿನಲ್ಲೋ ಒಗೆದು, ಕುದಿಸಿ, ಬಿಸಿಲಿಗೆ ಹಾಕಿ ಪೆಟ್ಟಿಗೆಗೆ ವಾಪಸ್ಸು ತರಬೇಕು. ಬೇರೆ ಷರತ್ತು ಇರಲಿಲ್ಲ.

“ಬಟ್ಟೆ ಸಾಯಾಕಿಲ್ಲ ಕಣವ್ವ, ಕೆಲ್ಸ ಬದ್ಲಾಯಿಸ್ತದೆ” ಎನ್ನುತ್ತಿದ್ದರು. ತೊಟ್ಟಿಲಿಗೆ ಸವೆದು ಹೋದದ್ದು ಕರೆಂಟು ಹೋದಾಗ ಬುಡ್ಡಿದೀಪದ ಬತ್ತಿಯಾಗುತ್ತಿತ್ತು. (“ದೇವ್ರಿಗ್ ಬ್ಯಾಡ, ಕೂಸು ಏನೇನ್ ಮಾಡಿರ್ತದೋ ಅದ್ರಲ್ಲಿ!”) ಬತ್ತಿಗೂ ಬಾರದ್ದು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ಮಸಿಬಟ್ಟೆ ತೂತಾದರೆ ನೆಲ ಒರೆಸುವುದಕ್ಕೆ. ಅದೂ ಆಗದೆ ಹೋದರೆ ಬಾಳೆಗಿಡದ ಬುಡದ ಗುಂಡಿಗೆ, ತರಕಾರಿ ಸಿಪ್ಪೆಯ ಜೊತೆ. ಆ ಗಿಡದ ಹಣ್ಣು ನಮ್ಮ ಮನೆಗೂ ಬರುತ್ತಿತ್ತು. “ಇವತ್ತು ಯಾರ ಸೀರೆ ತಿಂತಾ ಇದೀವಿ?” ಎಂದು ನನ್ನ ಗಂಡ ಸಿಪ್ಪೆ ಸುಲಿಯುತ್ತ ಕೇಳುತ್ತಿದ್ದರು.

ಒಂದು ಸಲ ತಪ್ಪಿ ಪಾಲಿಯೆಸ್ಟರ್ ತುಂಡೊಂದು ಆ ಗುಂಡಿ ಸೇರಿತ್ತು. ವರ್ಷ ಕಳೆದು ಮಣ್ಣು ಅಗೆದಾಗ ಕೆಂಪು ಹೂವು, ಹಸಿರು ಬಳ್ಳಿ ಎಲ್ಲ ಇದ್ದ ಹಾಗೇ ಇತ್ತು. ದೊಡ್ಡವ್ವ ಅದನ್ನು ಕೋಲಿನ ತುದಿಯಲ್ಲಿ ಎತ್ತಿ ನನಗೆ ತೋರಿಸಿದರು.

“ನೋಡವ್ವ, ಮದ್ವೆಗ್ ಒಂಟಂಗೆ ಕುಂತದೆ. ಇದ್ಕೆ ಮಣ್ಣಿನ ರುಚಿನೇ ಗೊತ್ತಿಲ್ವಲ್ಲ!”

ಅಂದಿನಿಂದ ಅಂಥವನ್ನು ಬೇರೆ ಹಾಕಿ, ಉದ್ದಕ್ಕೆ ಸೀಳಿ ಹಗ್ಗ ಹೊಸೆಯುತ್ತಿದ್ದರು. ಎದುರು ಮನೆಯ ಎಮ್ಮೆಕರು ಪೂನಂ ಸೀರೆಯ ಹಗ್ಗದಲ್ಲಿ ಮದುವಣಗಿತ್ತಿಯ ಹಾಗೆ ನಿಂತಿರುತ್ತಿತ್ತು.

ಕಸದ ಗುಡ್ಡೆಯ ಹತ್ತಿರ ಅವರು ಬೆಳಿಗ್ಗೆ ಒಂದಷ್ಟು ಹೊತ್ತು ನಿಲ್ಲುವುದಿತ್ತು. ಬಟ್ಟೆ, ಅನ್ನ, ಸಿಪ್ಪೆ, ಹಾಲಿನ ಕವರು, ಸೀಸೆ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ತಂದು ಸುರಿಯುವ ಹೆಂಗಸರನ್ನು ತಡೆಯುವುದು ಅವರ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ.

“ಬೆರಸ್ಬ್ಯಾಡ್ರವ್ವ. ತ್ಯಾವದ್ದು ಒಂದ್ ಕಡೆ, ಒಣಗಿದ್ದು ಒಂದ್ ಕಡೆ. ಅನ್ನಕ್ಕೆ ಮಣ್ಣು ಬೆರಸಿದ್ರೆ ಅನ್ನನೂ ಓಯ್ತು, ಮಣ್ಣೂ ಓಯ್ತು. ಬ್ಯಾರೆ ಇದ್ರೆ ಎಲ್ಡೂ ಬದುಕ್ತವೆ.”

ಮೊದಮೊದಲು ಕಾಟ ತಾಳಲಾರದೆ, ಆಮೇಲೆ ಅಭ್ಯಾಸವಾಗಿ, ಬೀದಿಯವರು ಎರಡು ಬಕೆಟ್ಟು ಇಟ್ಟರು. ಸಿಪ್ಪೆ, ಗಂಜಿ, ಉಳಿದ ಅನ್ನ ಎಮ್ಮೆಗೆ. ಪೇಪರು, ಸೀಸೆ, ಡಬ್ಬ ಸೈಕಲ್ಲಿನಲ್ಲಿ ಬರುವ ಹಳೇ ಸಾಮಾನಿನವನಿಗೆ. ಬಟ್ಟೆ ದೊಡ್ಡವ್ವನಿಗೆ. ಉಳಿಯುತ್ತಿದ್ದದ್ದು ಮೊರದಷ್ಟು ಕಸ. ಬೇಸಿಗೆಯಲ್ಲಿ ಆ ಗುಡ್ಡೆಗೆ ಬೆಂಕಿ ಇಟ್ಟಾಗ ಕರಿಹೊಗೆ ಎದ್ದು ಕಣ್ಣು ಉರಿಯುತ್ತಿದ್ದ ಕಾಲವೂ ಇತ್ತೆಂದು ಆಮೇಲೆ ಬಂದವರು ನಂಬುತ್ತಿರಲಿಲ್ಲ.

ಆದರೆ ಹಳೆ ಬಟ್ಟೆ ಕೇಳುವುದು ಅಷ್ಟು ಸಲೀಸಲ್ಲ. ಮೈಗಂಟಿದ ಬಟ್ಟೆ ಇನ್ನೊಬ್ಬರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆ ಎಂಬ ಭಯ ನಮ್ಮ ಜನಕ್ಕೆ ಇದ್ದೇ ಇದೆ. ಹೊಸ ಬಡಾವಣೆಯ ಕಡೆ ದೊಡ್ಡವ್ವ ಹೋದಾಗ ಒಬ್ಬ ಹೆಂಗಸು ಬಾಗಿಲು ಮುಚ್ಚಿಕೊಂಡಳಂತೆ. ಮಾತು ಪೇಟೆಬೀದಿಗೂ ಬಂದು, ಪುಟ್ಟಸ್ವಾಮಣ್ಣ ಊಟದ ಮುಂದೆ ಕೂತು ಕೂಗಾಡಿದ್ದು ನಮ್ಮ ಗೋಡೆಗೂ ಕೇಳಿಸಿತು.

“ಅವ್ವ, ಸಾಕ್ ಮಾಡು. ನನ್ನಂಗ್ಡೀಗ್ ಬರೋರು ನಿನ್ನ ಸುದ್ದಿನೇ ಆಡ್ತಾರೆ. ಮಾಟಗಾತಿ ಅಂತವ್ರೆ ಜನ!”

“ಅನ್ನಲಿ ಬುಡ್ಲಾ. ಬಾಯಿ ಅವರ್ದು.”

“ಬಾಯಿ ಅವರ್ದು, ಯಾಪಾರ ನಂದು.”

ಮಾರನೆಯ ಮಧ್ಯಾಹ್ನ ದೊಡ್ಡವ್ವ ಅದೇ ಮುಚ್ಚಿದ ಬಾಗಿಲಿಗೆ ಹೋದರು, ನನ್ನನ್ನೂ ಕರೆದುಕೊಂಡು. ಟೀಚರ್ ಜೊತೆಗಿದ್ದಾಳೆ ಎಂದೋ ಏನೋ ಆ ಹೆಂಗಸು ಬಾಗಿಲು ತೆರೆದು, ಹಿಂಜರಿಯುತ್ತ ಒಂದು ಸವೆದ ಹತ್ತಿ ಸೀರೆ ತಂದಳು. ದೊಡ್ಡವ್ವ ಹೊಸ್ತಿಲಿನ ಈಚೆಯೇ ಕೂತು, ಹಲ್ಲಿನಿಂದ ಒಂದು ಕಚ್ಚು ಹಾಕಿ, ಸೀರೆಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಸರ್ರನೆ ಹರಿದರು. ಹರಿದ ಅಂಚನ್ನು ಸುರುಳಿ ಸುತ್ತಿ ಅವಳ ಕೈಯಲ್ಲೇ ಇಟ್ಟರು.

“ತಗಳವ್ವ, ನಿನ್ನ ಗುರ್ತು ನಿನ್ನ ತಾವೇ ಇರ್ಲಿ. ಅಂಚಿಲ್ಲದ ಬಟ್ಟೆಗೆ ಯಾರ ಎಸ್ರೂ ಇಲ್ಲ. ಇನ್ನ ಇದು ಕೂಸಿಂದು.”

ಆ ಹೆಂಗಸಿನ ಮುಖ ಸಡಿಲವಾಯಿತು. ಒಳಗೆ ಹೋಗಿ ಕಾಫಿ ತಂದಳು. ಮಾಟಕ್ಕೆ ಅಂಚು ಬೇಕೇ ಬೇಕೆಂದು ಯಾರು ಹೇಳಿದರು, ಅಂಚು ಹೋದರೆ ಭಯ ಯಾಕೆ ಹೋಗಬೇಕು, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಮೇಲೆ ಎಲ್ಲ ಮನೆಯ ಮುಂದೆಯೂ ಅವರು ಅದನ್ನೇ ಮಾಡಿದರು, ಎಲ್ಲರೂ ಕೊಟ್ಟರು. ಮಧ್ಯಾಹ್ನದ ನಿದ್ದೆಯಲ್ಲಿ ಆ ಹರಿಯುವ ಸದ್ದು ಬೀದಿಯ ಯಾವುದೋ ತುದಿಯಿಂದ ಕೇಳಿಸಿದರೆ, ಎಲ್ಲಿಯೋ ಒಂದು ಕೂಸು ಬರುತ್ತಿದೆ ಎಂದು ಅರ್ಥ.

ನನ್ನ ಮಗಳು ದಿನ ತುಂಬುವ ಮೊದಲೇ ಬಂದಳು. ನನಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವೂ ಅಲ್ಲೇ. ನಾದಿನಿ ಮೈಸೂರಿನಿಂದ ಪ್ರೀತಿಯಿಂದ ತಂದ ಲೇಸಿನ ನೈಲಾನ್ ಅಂಗಿ ಹಾಕಿದೆವು. ಸಂಜೆಯೊಳಗೆ ಕೂಸಿನ ಕತ್ತು, ಕಂಕುಳು ಎಲ್ಲ ಕೆಂಪಗೆ ಎದ್ದು ಅದು ಅತ್ತದ್ದೇ ಅತ್ತದ್ದು. ಹೆದರಿ ನಾನೂ ಅತ್ತೆ. ಆಗ ದೊಡ್ಡವ್ವ ಕಂಕುಳಲ್ಲಿ ಗಂಟು ಇರುಕಿಕೊಂಡು ಬಂದರು. ಅಂಗಿ ಬಿಚ್ಚಿ ಮೂಲೆಗೆ ಎಸೆದರು. ಒಂದೊಂದೇ ಬಟ್ಟೆಯನ್ನು ಕಣ್ಣಿಗೆ ಒತ್ತಿ ನೋಡಿ ತೊಟ್ಟಿಲಿಗೆ ಹಾಸಿದರು.

“ಇದು ಕೊನೇ ಮನೆ ಅಜ್ಜನ ಪಂಚೆ, ತುಂಬು ವಯಸ್ಸು ಬದುಕ್ದ. ಇದು ಊವು ಮಾರೋಳ್ದು. ಇದು ನಂದೇ. ನೋಡು, ಊರೋರ ಮಡ್ಲಲ್ಲಿ ಮನಿಕ್ಕಂಡವ್ಳೆ ನಿನ್ನ ಮಗ್ಳು.”

ಕೂಸು ಸುಮ್ಮನಾಯಿತು. ಸಾಂಬ್ರಾಣಿ ಹೊಗೆ, ಬೇವಿನೆಲೆಯ ವಾಸನೆ, ತೊಟ್ಟಿಲಿನ ಮೇಲೆ ಇಳಿಬಿಟ್ಟ ತೆಳು ಸೀರೆಯೊಳಗಿಂದ ಕಾಣುವ ಪುಟ್ಟ ಮುಷ್ಟಿ. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುತ್ತಿದ್ದೆ. ನನ್ನ ತಾಯಿ ಬಂದು ಪಕ್ಕದಲ್ಲಿ ಕೂತ ಹಾಗಿತ್ತು. ಅಷ್ಟು ನೆಮ್ಮದಿಯ ನಿದ್ದೆ ಮತ್ತೆ ನನಗೆ ಬಂದಿಲ್ಲ.

ಮಗಳಿಗೆ ನಡೆಯಲು ಬಂದ ವರ್ಷ ಅವಳ ಮುಡಿ ಕೊಡಲು ಚುಂಚನಕಟ್ಟೆಗೆ ಹೋದೆವು. ದೊಡ್ಡವ್ವನೂ ಬಂದರು. ಅಲ್ಲಿಯ ಗರ್ಭಗುಡಿಯೊಳಗೆ ನಿಂತರೆ ಹೊರಗೆ ಧುಮುಕುವ ಕಾವೇರಿಯ ಸದ್ದು ಕೇಳುವುದಿಲ್ಲ ಎನ್ನುತ್ತಾರೆ. ನನಗೂ ಕೇಳಲಿಲ್ಲ, ಅಥವಾ ಕೇಳಬಾರದೆಂದು ನಾನೇ ಅಂದುಕೊಂಡೆನೋ. ಹೊರಗೆ ಬಂದು ಹೊಳೆಯ ದಡಕ್ಕೆ ಇಳಿದರೆ ಬಂಡೆಗಳ ಸಂದಿಯಲ್ಲೆಲ್ಲ ಸೀರೆ, ಪಂಚೆ, ಟವೆಲ್ಲು. ಸತ್ತವರ ಕಾರ್ಯ ಮಾಡಿ, ಮಿಂದು, ಬಿಟ್ಟುಹೋದ ಬಟ್ಟೆಗಳು. ಕೆಲವು ಮಡಿಕೆ ಬಿಚ್ಚದ ಹೊಸವು. ನೀರಿಗೆ ಇಳಿದರೆ ಕಾಲಿಗೆ ತೊಡರುತ್ತಿದ್ದವು.

ದೊಡ್ಡವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕೋಲು ಹಿಡಿದು, ಕೈಗೆ ಸಿಕ್ಕಷ್ಟನ್ನು ದಡಕ್ಕೆ ಎಳೆದು ಹಾಕಿದರು.

“ಒಳೆ ಏನ್ ಸೀರೆ ಉಡ್ತದಾ? ಯಾಕವ್ವ ಅದ್ಕೆ ಇಷ್ಟೊಂದು?”

ಆಮೇಲೆ ಬಂಡೆಯ ಮೇಲೆ ಕೂತು ನನ್ನ ಮಗಳನ್ನು ಮಡಿಲಿಗೆ ಹಾಕಿಕೊಂಡರು. ಅವಳು ಅಲ್ಲೇ ನಿದ್ದೆ ಹೋದಳು. ಅವಳ ಬೋಳು ತಲೆ ಸವರುತ್ತ, ನನ್ನ ಕಡೆ ತಿರುಗದೆ ಹೇಳಿದರು.

“ನನ್ನ ಮೊದಲ್ನೇ ಕೂಸು ಮಾಗಿ ಚಳೀಲಿ ಉಟ್ತು. ಮನೇಲಿ ಒಂದು ಅಳೇ ಬಟ್ಟೆ ಇರ್ನಿಲ್ಲ ಕಣವ್ವ, ಎಲ್ಲಾರ್ಗೂ ಮೈಮ್ಯಾಗಿರೋದೇ ಬಟ್ಟೆ. ಗೋಣೀತಾಟಲ್ಲಿ ಸುತ್ತಿದ್ವಿ. ಮೈಯೆಲ್ಲ ಗೀರ್ಕೊಂಡು ರಾತ್ರಿ ಅಗಲು ಅತ್ತು ಅತ್ತು ಓಯ್ತು. ಓದ್ಮೇಲೆ ಅದ್ರ ಸೋದರಮಾವ ಸಂತೆಗೆ ಓಡೋಗಿ ಒಸ ಬಟ್ಟೆ ತಂದ. ಬೆಳ್ಳಗೆ ಇತ್ತು, ಗರಿಗರಿ ಅಂತಿತ್ತು. ಅದ್ನ ಒದ್ಸಿ ಮಣ್ಣಿಗ್ ಮಡಗಿದ್ವಿ. ಬದ್ಕಿದ್ದಾಗ ಮೆತ್ನೆ ಚಿಂದಿ ಸಿಗದ ಕೂಸ್ಗೆ ಸತ್ತಾಗ ಒಸ್ದು.”

ನಾನು ಅವರ ಕೈ ಹಿಡಿದುಕೊಂಡೆ.

“ನಾ ಓದಾಗ ಒಸ್ದು ಒದ್ಸ್ಬ್ಯಾಡಿ ಟೀಚರಮ್ಮ. ಯಾರೂ ತರ್ಬ್ಯಾಡಿ. ನಮ್ಮ ಪುಟ್ಸಾಮಿ ಕೇಳಾಕಿಲ್ಲ. ನೀ ಏಳು.”

ಹೇಳುವುದಕ್ಕೆ ಒಪ್ಪಿಕೊಂಡೆ. ಅದು ಎಂಥ ಕಷ್ಟದ ಮಾತೆಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ನೆಂಟರು, ನೆರೆಯವರು ಹೊಸ ಬಟ್ಟೆ ತಂದು ಹೊದಿಸುತ್ತಾರೆ. ಎಷ್ಟು ಬಟ್ಟೆ ಬಿತ್ತು ಎನ್ನುವುದೇ ಸತ್ತವರ ಮರ್ಯಾದೆ. ಪುಟ್ಟಸ್ವಾಮಣ್ಣನ ಅಂಗಡಿಯಲ್ಲಿ ಇದಕ್ಕೆಂದೇ ಕಪಾಟಿನ ಒಂದು ಅರೆ ಇತ್ತು. ಒಂದು ದಿನ ಅವರು ತಾಯಿಯ ಜೊತೆ ಜಗಲಿಯ ಮೇಲೆ ಕೂತಿದ್ದಾಗ ನಾನೇ ಮಾತು ತೆಗೆದೆ. ಅವರ ಮುಖ ಕಪ್ಪಿಟ್ಟಿತು.

“ಏನ್ ಟೀಚರ್, ನೀವೂ ಅವ್ವನ ಜತೆ ಸೇರ್ಕಂಡ್ರಾ? ಊರೋರಿಗೆಲ್ಲ ಒಸ ಬಟ್ಟೆ ಮಾರೋನು ಎತ್ತ ತಾಯ್ನ ಚಿಂದೀಲಿ ಕಳಿಸ್ದ ಅಂತ ಉಗಿಯಾಕಿಲ್ವ ಜನ? ನಾನು ಈ ಬೀದೀಲಿ ತಲೆ ಎತ್ಕಂಡು ಓಡಾಡ್ಬೇಕಾ ಬ್ಯಾಡ್ವಾ?”

ದೊಡ್ಡವ್ವ ಜಗಳಕ್ಕೆ ಹೋಗಲಿಲ್ಲ. ಮಡಿಲಲ್ಲಿದ್ದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ನೀವಿ, “ಬಂದೋರ್ಗೆ ಅಳೇದು, ಓಗೋರ್ಗೆ ಒಸ್ದು. ಯಾರ್ ಮಾಡಿದ್ರೋ ಈ ನ್ಯಾಯ್ವ” ಎಂದರು. ಪುಟ್ಟಸ್ವಾಮಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಆ ಮಾತು ಆ ಮನೆಯಲ್ಲಿ ಮತ್ತೆ ಬಂದದ್ದು ನಾನು ಕೇಳಲಿಲ್ಲ. ಆದರೆ ಅದಾದ ಮೇಲೆ ಪ್ರತಿ ಸಲ ಬೀದಿಯಲ್ಲಿ ತಮಟೆ ಸದ್ದು ಕೇಳಿದಾಗ ದೊಡ್ಡವ್ವ ಬಾಗಿಲಿಗೆ ಬಂದು, ಹಾದುಹೋಗುವ ಹೆಣದ ಮೇಲಿನ ಬಟ್ಟೆಯ ರಾಶಿಯನ್ನು ನೋಡಿ, ನನ್ನ ಕಡೆ ನೋಡುತ್ತಿದ್ದರು. ನೆನಪಿದೆ ತಾನೆ ಎಂಬಂತೆ.

ನನ್ನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಮಾಗಿಯ ಒಂದು ಬೆಳಿಗ್ಗೆ ಹಿತ್ತಲಿನ ಹಗ್ಗದ ಮೇಲೆ ಹಿಂದಿನ ದಿನದ ಬಟ್ಟೆಗಳು ಮಂಜಿನಲ್ಲಿ ನೆನೆದು ಹಾಗೇ ಇದ್ದವು. ದೊಡ್ಡವ್ವ ಎದ್ದಿರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು, ಕೈ ಕೆನ್ನೆಯ ಕೆಳಗೆ.

ಹಳ್ಳಿಯಿಂದ ನೆಂಟರು ಬಂದರು. ಪೇಟೆಬೀದಿಯ ಅಂಗಡಿಯವರು ಬಂದರು. ಎಲ್ಲರ ಕೈಯಲ್ಲೂ ಕವರು, ಕವರಿನಲ್ಲಿ ಹೊಸ ಬಟ್ಟೆ. ನಾನೂ ಒಂದು ಹತ್ತಿಯ ಸೀರೆ ಹಿಡಿದು ನಿಂತಿದ್ದೆ. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಹೊದಿಸಲೂ ಕೈ ಬರುವಂತಿರಲಿಲ್ಲ. ಅಷ್ಟು ಜನರ ಮುಂದೆ ಪುಟ್ಟಸ್ವಾಮಣ್ಣನಿಗೆ ಏನೆಂದು ನೆನಪಿಸಲಿ? ಅವರು ತಾಯಿಯ ತಲೆಯ ಹತ್ತಿರ ಗೋಡೆಗೆ ಒರಗಿ ನೆಲ ನೋಡುತ್ತ ಕೂತಿದ್ದರು. ದೊಡ್ಡವ್ವನ ಮೈಮೇಲೆ ದಿನಾ ಉಡುತ್ತಿದ್ದ ಹಳೆಯ ಸೀರೆಯೇ ಇತ್ತು.

ವಯಸ್ಸಾದ ನೆಂಟರೊಬ್ಬರು ಮುಂದೆ ಬಂದು ಕೆಂಪಂಚಿನ ಹೊಸ ಸೀರೆಯ ಮಡಿಕೆ ಬಿಚ್ಚಿದರು. ಪುಟ್ಟಸ್ವಾಮಣ್ಣ ಎದ್ದು ಅವರ ಕೈ ಹಿಡಿದರು.

“ಬ್ಯಾಡ ಚಿಗಪ್ಪ.”

“ಯಾಕ್ಲಾ ಪುಟ್ಸಾಮಿ? ಬಟ್ಟೆ ಯಾಪಾರ ಮಾಡೋನ ತಾಯ್ಗೆ ಒಂದು ಒಸ ಸೀರೆ ಗತಿ ಇಲ್ವೇನ್ಲಾ?”

ಇಷ್ಟು ವರ್ಷ ಪುಟ್ಟಸ್ವಾಮಣ್ಣ ಹೆದರಿದ್ದ ಮಾತು ಅದೇ, ಅವರ ತಾಯಿಯ ಎದುರಲ್ಲೇ ಬಂದು ಬಿದ್ದಿತ್ತು. ಅವರು ಸೀರೆಯನ್ನು ನಿಧಾನವಾಗಿ ಮಡಚಿ ಚಿಗಪ್ಪನ ಕೈಗೇ ಇಟ್ಟರು.

“ಅವ್ವ ಬ್ಯಾಡ ಅಂದವ್ಳೆ. ತಂದಿರೋದ್ನ ಯಾರೂ ಒದ್ಸ್ಬ್ಯಾಡಿ, ಒಳೇಗೂ ಬುಡಬ್ಯಾಡಿ. ಮನೇಗ್ ತಕ್ಕಂಡೋಗಿ ಉಟ್ಕಳಿ. ಉಟ್ಟು ಉಟ್ಟು ಅಳೇದು ಮಾಡಿ ತಂದ್ಕೊಡಿ. ಪೆಟ್ಗೆ ಅಂಗೇ ಮಡಗಿರ್ತೀನಿ.”

ಒಬ್ಬಿಬ್ಬರು ಮುಖ ತಿರುಗಿಸಿ ಹೊರಗೆ ಹೋದರು. ಪುಟ್ಟಸ್ವಾಮಣ್ಣ ಒಳಗಿನಿಂದ, ನನ್ನ ಮಗಳು ಮಲಗಿದ್ದ, ಬೀದಿಯ ಎಷ್ಟೋ ಮಕ್ಕಳು ಮಲಗಿದ್ದ ಆ ಕೊನೇ ಮನೆ ಅಜ್ಜನ ಪಂಚೆ ತಂದು ತಾಯಿಗೆ ಹೊದಿಸಿದರು. ಆಮೇಲೆ ಬಗ್ಗಿ, ಅವರು ಉಟ್ಟಿದ್ದ ಸೀರೆಯ ಸೆರಗಿನ ತುದಿಯಲ್ಲಿ ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಹಾಕಿದರು. ಸರ್ರನೆ ಆ ಸದ್ದು. ಗೇಣುದ್ದದ ಅಂಚನ್ನು ಸುರುಳಿ ಸುತ್ತಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಅಲ್ಲಿಯವರೆಗೆ ಅಳದಿದ್ದ ಮನುಷ್ಯ ಮಗುವಿನ ಹಾಗೆ ಅತ್ತರು.

“ಗುರ್ತು ನಮ್ಮ ತಾವೇ ಇರ್ಲವ್ವ.”

ಗದ್ದೆಯ ಬದುವಿನಲ್ಲಿ ಅವರನ್ನು ಮಣ್ಣು ಮಾಡಿದರು. ಮಣ್ಣಿನ ರುಚಿ ಗೊತ್ತಿದ್ದ ಬಟ್ಟೆಯಲ್ಲೇ ಅವರು ಹೋದರು.

ಆ ಮೇಲೆ ನಮಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಕೃಷ್ಣರಾಜನಗರಕ್ಕೆ ಹೋದಾಗಲೆಲ್ಲ ಪುಟ್ಟಸ್ವಾಮಣ್ಣನ ಅಂಗಡಿಗೆ ಹೋಗುತ್ತೇನೆ. ಮರದ ಪೆಟ್ಟಿಗೆ ಈಗ ಅಂಗಡಿಯ ಬಾಗಿಲಲ್ಲೇ ಇದೆ, ಮೇಲೆ ಬೇವಿನ ಸೊಪ್ಪು. ಹೊಸದು ಕೊಳ್ಳಲು ಬಂದವರನ್ನು ಅವರು “ಅಳೇದ್ ತಂದ್ರಾ?” ಎಂದು ಕೇಳುತ್ತಾರೆ. ತಂದವರ ಎದುರಲ್ಲೇ ಅಂಚು ಹರಿದು ಕೊಡುತ್ತಾರೆ. ಕೆಂಪಂಚಿನ ಆ ಸೀರೆಯೂ ಒಂದು ದಿನ ಬಂತಂತೆ. ಚಿಗಪ್ಪನ ಸೊಸೆ ಉಟ್ಟು ಸವೆಸಿದ್ದಳಂತೆ.

ನನ್ನ ಸೀರೆ ಮಾತ್ರ ಇನ್ನೂ ನನ್ನ ಹತ್ತಿರವೇ ಇದೆ. ಸಾವಿಗೆಂದು ತಂದದ್ದನ್ನು ಉಡುವುದು ಹೇಗೆಂದು ಬಹಳ ದಿನ ಬೀರುವಿನಲ್ಲಿ ಇಟ್ಟಿದ್ದೆ. ಆಮೇಲೆ ಒಂದು ಬೆಳಿಗ್ಗೆ ಉಟ್ಟು ಶಾಲೆಗೆ ಹೋದೆ. ಈಗ ಅದನ್ನು ವಾರಕ್ಕೊಮ್ಮೆ ಉಡುತ್ತೇನೆ. ಒಗೆದು ಹಿತ್ತಲಲ್ಲಿ ಹರವಿದಾಗ ಬಿಸಿಲು ಸ್ವಲ್ಪ ಸ್ವಲ್ಪವಾಗಿ ಒಳಗಿಂದ ಇಳಿಯಲು ಶುರುವಾಗಿದೆ. ಅಂಥ ಮಧ್ಯಾಹ್ನಗಳಲ್ಲಿ, ಯಾರೂ ಇಲ್ಲದಾಗ, ಒಂದು ತುದಿ ಹಿಡಿದು ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಂಡು ನೋಡುತ್ತೇನೆ.

ಇನ್ನೂ ಸ್ವಲ್ಪ ಚುಚ್ಚುತ್ತದೆ.